ಕಿರೀಟ ಬಿತ್ತಿದ ಮಗು

“ಅರಮನೆಯ ಮಕ್ಕಳು ನಮ್ಮ ಮಕ್ಕಳ ಹಾಗಲ್ಲ ಕಣೋ” ಎಂದು ದ್ಯಾವಮ್ಮ ತನ್ನ ಮಗ ಕೆಂಚನಿಗೆ ಅವನ ಎಳವೆಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದಳು. ಅವಳು ಅರಮನೆಯ ದಾದಿ. ಆದ್ದರಿಂದ ಕೆಂಚ ಅದನ್ನು ನಂಬಿದ್ದ. ನಮ್ಮ ಮಕ್ಕಳ ಹಾಗಲ್ಲದಿದ್ದರೆ ಮತ್ತೆ ಹೇಗೆ ಎಂಬ ಪ್ರಶ್ನೆ ಅವನಲ್ಲಿ ಎದ್ದದ್ದು, ಬೆಳೆದು ದೊಡ್ಡವನಾಗಿ ಜಗುಲಿಯಲ್ಲಿ ಬುಟ್ಟಿ ಹೆಣೆಯುತ್ತ ಕುಳಿತಿದ್ದ ಒಂದು ಬೆಳಿಗ್ಗೆ, ಕಣಿವೆದುರ್ಗದ ಬೀದಿಯಲ್ಲಿ ಡಂಗುರ ಕೇಳಿಬಂದಾಗ.

“ಕೇಳ್ರಪ್ಪೋ ಕೇಳಿ! ದೊರೆ ಬಿಲ್ಲಮನಾಯಕರ ಅಪ್ಪಣೆ! ರಾಜಕುಮಾರಿ ಚೆನ್ನಾಜಿಯವರ ಮೂರು ಒಗಟುಗಳನ್ನು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರಿಗೆ ಹುಣ್ಣಿಮೆಯ ದಿನ ತಲೆದಂಡ. ಅಷ್ಟರೊಳಗೆ ಯಾರೂ ಬಿಡಿಸದಿದ್ದರೆ, ಮಗುವಿಗೆ ಮಾಟ ಮಾಡಿದ ದಾದಿ ದ್ಯಾವಮ್ಮನಿಗೂ ಅದೇ ಗತಿ!”

ಕೆಂಚನ ಕೈಯಲ್ಲಿದ್ದ ಬಿದಿರಿನ ಸೀಳು ಬೆರಳನ್ನು ಕೊಯ್ದು ಕೆಳಗೆ ಬಿತ್ತು. ಅವ್ವ ಅರಮನೆಯ ಕೆಲಸದಲ್ಲಿ ಉಳಿದುಕೊಂಡಿದ್ದಾಳೆ ಎಂದುಕೊಂಡಿದ್ದ; ಆದರೆ ಅವಳು ಸೆರೆಯಲ್ಲಿದ್ದಳು! ರಕ್ತ ಒರೆಸಿಕೊಳ್ಳಲೂ ನಿಲ್ಲದೆ ಅವನು ಕೋಟೆಯತ್ತ ಓಡಿದ.

ಸಭೆಯಲ್ಲಿ ಬೆಳ್ಳಿಯ ಪೀಠದ ಮೇಲೆ, ನೆಲಕ್ಕೆ ಎಟುಕದ ಕಾಲುಗಳನ್ನು ಆಡಿಸುತ್ತ ಪುಟ್ಟ ಚೆನ್ನಾಜಿ ಕುಳಿತಿದ್ದಳು. ರಾಜವಂಶದವರ ಮಾತಿಗೆ ಯಾರೂ ಮರುಪ್ರಶ್ನೆ ಹಾಕಬಾರದೆಂಬುದು ಆ ಮನೆತನದ ಕಟ್ಟಳೆ. ಬಂದವರು ಅರ್ಥವನ್ನು ಊಹಿಸಬಹುದು, ಅಷ್ಟೆ. ಊಹೆ ಸರಿಯಾದರೆ ಮಗು ತಲೆಯಾಡಿಸಬೇಕು.

ದೊರೆಯೇ ಒಗಟುಗಳನ್ನು ಹೇಳಿದ. “ನನ್ನ ಕಿರೀಟವನ್ನು ಇವಳು ತೋಟದ ಮಣ್ಣಿನಲ್ಲಿ ಹೂತು ದಿನವೂ ನೀರೆರೆಯುತ್ತಾಳೆ. ಇದು ಮೊದಲನೆಯದು. ‘ನಾನು ದೊಡ್ಡವಳಾದಾಗ ಅಪ್ಪ ಚಿಕ್ಕವರಾಗುತ್ತಾರೆ’ ಎಂದು ತನ್ನ ಹಳೆಯ ತೊಟ್ಟಿಲನ್ನು ಕಾದಿಟ್ಟಿದ್ದಾಳೆ. ಇದು ಎರಡನೆಯದು. ಮೂರನೆಯದು...” ದೊರೆಯ ದನಿ ಕುಗ್ಗಿತು. “ನೆರೆರಾಜ್ಯದ ರಾಯಭಾರಿಯ ಎದುರಿಗೆ, ‘ಸಿಂಹಾಸನದ ಮೇಲಿರುವವರು ನಮ್ಮಪ್ಪ ಅಲ್ಲ’ ಎಂದು ಕೂಗಿದಳು.”



ಜೋಯಿಸರು ಮುಂದೆ ಬಂದು, ಕಿರೀಟ ಮಣ್ಣು ಸೇರುವುದೆಂದರೆ ರಾಜ್ಯನಾಶದ ಸೂಚನೆ ಎಂದರು. “ಊಹೂಂ” ಎಂದಿತು ಮಗು. ಭಟರು ಅವರನ್ನು ಎಳೆದೊಯ್ದರು. ಆಮೇಲೆ ಆಸ್ಥಾನದ ಕವಿ ಎದ್ದ. ಕಿರೀಟವೆಂದರೆ ಸೂರ್ಯ, ಮಣ್ಣೆಂದರೆ ಇರುಳು, ನೀರೆಂದರೆ ಮುಂಜಾವಿನ ಇಬ್ಬನಿ ಎಂದು ಬಣ್ಣಿಸತೊಡಗಿದ. ಚೆನ್ನಾಜಿ ಕಣ್ಣರಳಿಸಿ ಕೇಳಿದಳು.

“ಈ ಮಾಮನ ಮೂಗಿನೊಳಗೆ ಎಷ್ಟೊಂದು ಕೂದಲು!”

ಕವಿಯನ್ನೂ ಎಳೆದೊಯ್ದರು. ನಗಲು ಯಾರಿಗೂ ಧೈರ್ಯವಿರಲಿಲ್ಲ. ಕೆಂಚನಿಗೆ ಮಾತ್ರ, ಸಾವಿನ ಆ ಭಯದ ನಡುವೆಯೂ, ಮನೆಯಲ್ಲಿದ್ದ ಅಕ್ಕನ ಮಗ ನೆನಪಾದ. ಹಾಲು ಸಿಹಿಯಾಗಿ ಬರಲೆಂದು ಎಮ್ಮೆಗೆ ಬೆಲ್ಲದ ಅಚ್ಚನ್ನೆಲ್ಲ ತಿನ್ನಿಸಿದ್ದ ಹುಡುಗ ಅವನು. ಇದೂ ಅಂಥ ಮಗುವೇ ಅಲ್ಲವೇ!

ಅವನು ನೇರವಾಗಿ ಹೋಗಿ ಪೀಠದ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ.

“ಪುಟ್ಟವ್ವಾ, ಕಿರೀಟಕ್ಕೆ ನೀರು ಯಾಕೆ ಹಾಕ್ತೀ?”

“ಅಯ್ಯೋ! ಪ್ರಶ್ನೆ ಹಾಕಿದ!” ಎಂದು ಯಾರೋ ಚೀರಿದರು. ಕತ್ತಿಗಳು ಒರೆಯಿಂದ ಹೊರಬಂದವು. ಆದರೆ ಹುಟ್ಟಿದಂದಿನಿಂದ ಯಾರೂ ‘ಯಾಕೆ’ ಎಂದು ಕೇಳಿರದ ಮಗುವಿನ ಮುಖ ಅರಳಿತ್ತು.

“ಅಷ್ಟೂ ಗೊತ್ತಿಲ್ವಾ ನಿಂಗೆ? ದ್ಯಾವವ್ವ ಒಂದೇ ಒಂದು ಅವರೆಕಾಳು ಊರಿದ್ಳು. ಬಳ್ಳಿ ತುಂಬ ಕಾಯಿ ಬಂತು. ನನ್ನ ಗೊಂಬೆಗೆ ಕಿರೀಟ ಇಲ್ಲ. ಗಿಡದಲ್ಲಿ ಕಿರೀಟ ಬಿಟ್ಟಾಗ ನಿಂಗೂ ಒಂದು ಕೊಡ್ತೀನಿ.”

ದೊರೆ ಕೈಯೆತ್ತಿ ಭಟರನ್ನು ತಡೆದ.

“ಅಪ್ಪ ಯಾಕವ್ವಾ ಚಿಕ್ಕವರಾಗ್ತಾರೆ?”

“ಅಜ್ಜ ಚಿಕ್ಕೋರಾಗಿಲ್ವಾ? ಹಲ್ಲೇ ಇಲ್ಲ, ಗಂಜಿ ಕುಡಿಸ್ತಾರೆ, ಕೈಹಿಡಿದು ನಡೆಸ್ತಾರೆ. ಅಪ್ಪ ಚಿಕ್ಕೋರಾದಾಗ ನಾನೇ ತೂಗ್ತೀನಿ.”

ಕೆಂಚ ಮೂರನೆಯದನ್ನು ಕೇಳಿದ. ಈ ಸಲ ಮಗು ಸಿಂಹಾಸನದತ್ತ ಒಮ್ಮೆ ಕಳ್ಳನೋಟ ಬೀರಿ ಮುಖ ತಿರುಗಿಸಿತು.

ಇನ್ನು ಕೆಂಚನೇ ಹೇಳಬೇಕು. ತಪ್ಪಿದರೆ ಅವ್ವ ಉಳಿಯುವುದಿಲ್ಲ. ಹಿಂದೆ ಹುಲಿವೇಷ ಹಾಕಿಕೊಂಡು ಮನೆಗೆ ಬಂದು, ಕರೆದರೂ ಓಗೊಡದೆ ಅವನು ಗರ್ಜಿಸಿದಾಗ, ಅಕ್ಕನ ಮಗ ‘ಮಾಮ ಬೇಕು’ ಎಂದು ಅಳುತ್ತ ಅವನನ್ನೇ ಗುದ್ದಿದ್ದ. ಅದು ನೆನಪಾದದ್ದೇ ಅವನು ಎದ್ದು ದೊರೆಯತ್ತ ತಿರುಗಿದ.

“ಬುದ್ಧೀ, ರಾಯಭಾರಿ ಬಂದಿದ್ದ ಆ ದಿನ ಮಗು ನಿಮ್ಮನ್ನು ಕರೆದಿತ್ತಾ?”

ದೊರೆಗೇ ಪ್ರಶ್ನೆ! ಪ್ರಧಾನಿ ಕುಳಿತಲ್ಲೇ ಬಿಳಿಚಿಕೊಂಡ.

“ಕರೆದಳು” ಎಂದ ದೊರೆ. “ಮತ್ತೆ ಮತ್ತೆ ಕರೆದಳು.”

“ನೀವು?”

“ರಾಯಭಾರಿ ಎದುರಿಗಿದ್ದ. ನಾನು ತಿರುಗಲಿಲ್ಲ.”

“ಇದು ಒಗಟಲ್ಲ ಬುದ್ಧೀ. ಕರೆದರೆ ತಿರುಗೋರು ಅಪ್ಪ. ತಿರುಗದೆ ಹಾಗೇ ಕೂತೋರು ಮಗುವಿನ ಪಾಲಿಗೆ ಬೇರೆ ಯಾರೋ.”

ಎಲ್ಲರ ಕಣ್ಣೂ ಪೀಠದತ್ತ ಹೊರಳಿದವು. ಚೆನ್ನಾಜಿ ನಿಧಾನವಾಗಿ ತಲೆಯಾಡಿಸಿದಳು.

ದೊರೆ ಎದ್ದು, ಮೆಟ್ಟಿಲಿಳಿದು, ಕೆಂಚ ಕುಳಿತಿದ್ದ ಜಾಗದಲ್ಲೇ ನೆಲದ ಮೇಲೆ ಕುಳಿತ. ಮಗು ಅವನ ಮೀಸೆಯನ್ನು ಎಳೆದು ಪರೀಕ್ಷಿಸಿತು.

“ಅಪ್ಪಾ, ಇಷ್ಟು ದಿನ ಎಲ್ಲಿಗೆ ಹೋಗಿದ್ರಿ?”

ದೊರೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಆಮೇಲೆ ಕೆಂಚನನ್ನು ನೋಡಿ, “ಏನು ಬೇಕು, ಕೇಳು” ಎಂದ.

“ಅವ್ವ ಮನೆಗೆ ಬಂದರೆ ಸಾಕು ಬುದ್ಧೀ.”

ಮಗಳನ್ನು ಸೊಂಟದ ಮೇಲೆ ಎತ್ತಿಕೊಂಡು ದೊರೆ ಸಭೆಗೆ ಎದುರಾಗಿ ನಿಂತ.

“ಎಲ್ಲರೂ ಕೇಳಿ. ದ್ಯಾವಮ್ಮನೂ ಸೆರೆಯಲ್ಲಿರುವ ಉಳಿದವರೂ ಈಗಲೇ ಬಿಡುಗಡೆ. ಕೋಟೆಯ ಹಿಂದಿನ ಬಿದಿರುಮೆಳೆ ಇಂದಿನಿಂದ ಕೆಂಚನದು. ಮರುಪ್ರಶ್ನೆಯ ಕಟ್ಟಳೆ ರದ್ದಾಗಿದೆ. ಮಗಳು ಕರೆದರೆ, ಎದುರಿಗೆ ಯಾರಿದ್ದರೂ ನಾನು ತಿರುಗುತ್ತೇನೆ. ತೋಟದಲ್ಲಿರುವ ಕಿರೀಟವನ್ನು ಯಾರೂ ಅಗೆಯಕೂಡದು. ಅದಕ್ಕೆ ನಾಳೆಯಿಂದ ಇವಳ ಜೊತೆ ನಾನೂ ನೀರು ಹಾಕುತ್ತೇನೆ.”