ಅಗಳಿ ಯಾವ ಕಡೆ

"ಗುರುಗಳೇ, ಹದಿನಾಲ್ಕು ವರ್ಷದ ಹುಡುಗಿ ಮುಂದೆ ಏನಾಗುತ್ತಾಳೆ ಎಂದು ಈಗಲೇ ತಿಳಿಯುವುದು ಹೇಗೆ?"

ಕೇಳಿದವಳು ಮಂದಾಕಿನಿ. ಸರ್ಕಾರಿ ಪ್ರೌಢಶಾಲೆಯ ಟೀಚರು. ಭಾನುವಾರ ಬೆಳಿಗ್ಗೆ ಗುರುಗಳ ಬಳಿ ಬಂದು ಎರಡು ಮಾತು ಕೇಳಿಕೊಂಡು ಹೋಗುವುದು ಅವಳಿಗೆ ಹನ್ನೊಂದು ವರ್ಷದ ರೂಢಿ. ಆ ದಿನ ಕೈಯಲ್ಲೊಂದು ಅರ್ಜಿಯನ್ನೂ ಹಿಡಿದು ಬಂದಿದ್ದಳು.

ಗುರುಗಳು ಹುಬ್ಬೇರಿಸಿದರು. "ಜ್ಯೋತಿಷಿಯ ಮನೆ ಪಕ್ಕದ ಬೀದಿಯಲ್ಲಲ್ಲವೇನಮ್ಮಾ? ದಾರಿ ತಪ್ಪಿ ಇಲ್ಲಿಗೆ ಬಂದೆಯಾ?"

ಮಂದಾಕಿನಿ ನಕ್ಕಳು. ಆದರೆ ಅವಳ ಮನಸ್ಸು ನಗುವಂತಿರಲಿಲ್ಲ. ವಿಷಯ ಹೇಳಿದಳು. ಬರುವ ಜೂನಿನಿಂದ ಅವಳ ಶಾಲೆಯಲ್ಲಿ ನಾಲ್ಕು ವೃತ್ತಿ ಅಕಾಡೆಮಿಗಳು ಶುರುವಾಗುತ್ತವೆ. ಆರೋಗ್ಯಕ್ಕೆ ಒಂದು, ಕೃಷಿಗೆ ಒಂದು, ವಾಹನ ದುರಸ್ತಿಗೆ ಒಂದು, ಉಡುಪು ತಯಾರಿಕೆಗೆ ಒಂದು. ಗಣಿತ, ವಿಜ್ಞಾನ, ಕನ್ನಡ ಎಲ್ಲವನ್ನೂ ಆಯಾ ಕಸುಬಿನ ಜೊತೆಗೇ ಹೊಸೆದು ಕಲಿಸುತ್ತಾರೆ. ಪ್ರಯೋಗಕ್ಕೆಂದು ಒಂದು ತಿಂಗಳು ನಡೆಸಿದ್ದಾಗ, ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದವರೇ ಎಂಜಿನ್ ಬಿಚ್ಚಿಕೊಂಡು ಕೂತು ಊಟದ ಗಂಟೆ ಹೊಡೆದರೂ ಏಳಲಿಲ್ಲವಂತೆ. ಅದನ್ನು ಹೇಳುವಾಗ ಅವಳ ಮುಖ ಅರಳಿತ್ತು.

ಮಕ್ಕಳನ್ನು ವಿಂಗಡಿಸುವ ಹೊಣೆ ಅವಳದು. ಒಮ್ಮೆ ಒಂದಕ್ಕೆ ಸೇರಿದವರು ಎರಡು ವರ್ಷ ಇನ್ನೊಂದಕ್ಕೆ ಕಾಲಿಡುವಂತಿಲ್ಲ ಎಂಬ ನಿಯಮವನ್ನು ಬರೆದವಳೂ ಅವಳೇ. ವೇಳಾಪಟ್ಟಿ ಕೆಡಬಾರದಲ್ಲ. ಪಟ್ಟಿ, ನಿಯಮ ಎರಡೂ ಮರುದಿನ ಬೆಳಿಗ್ಗೆ ನೋಟಿಸ್ ಬೋರ್ಡಿಗೆ ಏರಬೇಕು. ಎಲ್ಲ ಅರ್ಜಿಗಳೂ ಸರಿಯಾಗಿದ್ದವು. ಹುಲಿಗೆಮ್ಮ ಎಂಬ ಹುಡುಗಿಯದು ಮಾತ್ರ ತಕರಾರು.

"ನಾಲ್ಕಕ್ಕೂ ಗುರುತು ಹಾಕಿ ಕೊಟ್ಟಿದ್ದಾಳೆ ಗುರುಗಳೇ. ಒಂದಕ್ಕೇ ಹಾಕಬೇಕು ಕಣೇ ಎಂದರೆ, 'ಒಳಗೆ ಹೋಗಿ ನೋಡದೆ ಹೇಗೆ ಹೇಳಲಿ ಮಿಸ್?' ಅನ್ನುತ್ತಾಳೆ. ಎಂಜಿನ್ನಿನ ಬೆಲ್ಟ್ ನೋಡಿ, ಹೊಲಿಗೆ ಯಂತ್ರದ ಬೆಲ್ಟೂ ಇದನ್ನೇ ಮಾಡುತ್ತದಾ ಎಂದು ಕೇಳುವ ಹುಡುಗಿ ಅವಳು. ಹೆಡ್‌ಮಾಸ್ತರು, 'ಹುಡುಗಿ ತಾನೇ, ಉಡುಪಿನ ಕಡೆ ಹಾಕಿ ಮುಗಿಸಿ' ಅಂದುಬಿಟ್ಟರು. ತಪ್ಪು ಕಡೆ ಹಾಕಿದರೆ ಬಾಡಿಹೋಗುತ್ತಾಳೆ, ನನಗೆ ಭಯ. ಬೆಳೆಯುವ ಸಿರಿಯನ್ನು ಮೊಳಕೆಯಲ್ಲೇ ನೋಡು ಅಂತಾರೆ. ನನಗೆ ಆ ಕಣ್ಣಿಲ್ಲ. ಯಾವುದಕ್ಕೆ ಹಾಕಲಿ, ನೀವೇ ಹೇಳಿ."

"ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಟೀಚರುಗಳಿಗೆ ಅದೊಂದು ಚಟ" ಎಂದು ಗುರುಗಳು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಬಡಗಿಯಿದ್ದ. ಬಾಗಿಲು ಮಾಡುವುದರಲ್ಲಿ ಎತ್ತಿದ ಕೈ. ಆ ಸೀಮೆಯ ಬಡಗಿಗಳಲ್ಲಿ ಒಂದು ಪದ್ಧತಿಯಿತ್ತು. ಬಾಗಿಲಿಗೆ ಅಗಳಿ ಜೋಡಿಸುವ ಮೊದಲು ಯಜಮಾನನನ್ನು ಕೇಳಬೇಕು, 'ಒಳಗೆ ಏನಿರುತ್ತದೆ?' ಎಂದು. ಜೋಳ, ಬೆಲ್ಲ, ಹತ್ತಿ ಎಂದರೆ ಅಗಳಿ ಹೊರಗೆ. ಮನುಷ್ಯರು ಎಂದರೆ ಅಗಳಿ ಒಳಗೆ. ಬೆಲ್ಲ ತಾನಾಗಿ ಎದ್ದು ಹೊರಗೆ ಬರುವುದಿಲ್ಲ, ಮನುಷ್ಯ ಬರುತ್ತಾನೆ, ಅಷ್ಟೇ. ಬಡಗಿ ಅದುವರೆಗೆ ಇದರಲ್ಲಿ ಒಮ್ಮೆಯೂ ತಪ್ಪಿದವನಲ್ಲ.

ಆ ಊರಿನ ಗೌಡ ಒಂದು ಶಾಲೆ ಕಟ್ಟಿಸಿದ. ಒಳ್ಳೆಯವನೇ, ಕೆಟ್ಟವನೆಂದುಕೊಳ್ಳಬೇಡ. ಅಕ್ಷರದ ಜೊತೆಗೆ ಮಕ್ಕಳ ಕೈಗೆ ಒಂದು ಕಸುಬೂ ಹತ್ತಲಿ ಎಂಬ ಆಸೆ ಅವನಿಗೆ. ಅದಕ್ಕೇ ನಾಲ್ಕು ಕೋಣೆ: ಮಡಕೆಗೆ, ಮಗ್ಗಕ್ಕೆ, ಕುಲುಮೆಗೆ, ಮದ್ದು ಅರೆಯುವುದಕ್ಕೆ. ಬಡಗಿ ನಾಲ್ಕು ಬಾಗಿಲು ತಂದು ನಿಲ್ಲಿಸಿ, ಪದ್ಧತಿಯಂತೆ ಕೇಳಿದ.

"ಒಳಗೆ ಏನಿರುತ್ತದೆ ಗೌಡರೇ?"

"ಒಂದರಲ್ಲಿ ಕುಂಬಾರರು, ಒಂದರಲ್ಲಿ ನೇಕಾರರು, ಒಂದರಲ್ಲಿ ಕಮ್ಮಾರರು, ಇನ್ನೊಂದರಲ್ಲಿ ವೈದ್ಯರು. ಅಗಳಿ ಹೊರಗೇ ಇರಲಿ. ಅಲ್ಲಿ ಇಲ್ಲಿ ಇಣುಕುತ್ತಾ ತಿರುಗಿದರೆ ಯಾವುದೂ ಕೈಗೆ ಹತ್ತುವುದಿಲ್ಲ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟಬೇಕಪ್ಪಾ."

ಬಡಗಿಯ ಕೈ ಒಂದು ಗಳಿಗೆ ತಡೆಯಿತು. ಗೌಡರ ಬಾಯಲ್ಲಿ ಮಕ್ಕಳು ಎಂಬ ಮಾತೇ ಬರಲಿಲ್ಲವಲ್ಲ ಎನಿಸಿತು. ದೊಡ್ಡವರು ಹೇಳಿದ ಮೇಲೆ ನನ್ನದೇನಿದೆ ಎಂದುಕೊಂಡು, ನಾಲ್ಕೂ ಅಗಳಿಯನ್ನು ಹೊರಗೇ ಜೋಡಿಸಿ ಮನೆಗೆ ಹೋದ.

ಬಡಗಿಗೆ ಒಬ್ಬಳೇ ಮಗಳು. ಬಾಯಿ ತೆರೆದರೆ ಪ್ರಶ್ನೆ. ತೇಗಕ್ಕೆ ಹುಳು ಯಾಕೆ ಹತ್ತುವುದಿಲ್ಲ, ಹಸಿ ಹಲಗೆ ಯಾಕೆ ಸೊಟ್ಟಗಾಗುತ್ತದೆ, ಒಂದೇ ಎರಡೇ! ಅಪ್ಪನ ಉಳಿಗಿಂತ ಅವಳ ನಾಲಿಗೆಯೇ ಚುರುಕು. ಬೆರಳು ನೀಳವಾಗಿವೆ ಎಂದು ಶಾಲೆಯಲ್ಲಿ ಅವಳನ್ನು ಮಗ್ಗದ ಕೋಣೆಗೆ ಹಾಕಿದರು. ಅವಳೂ ಕುಣಿಯುತ್ತಲೇ ಹೋದಳು. ಮಕ್ಕಳು ಒಳಗೆ ಹೋದ ಮೇಲೆ ಕಾವಲಿನವನು ಹೊರಗಿನಿಂದ ಅಗಳಿ ಹಾಕುತ್ತಿದ್ದ. ಪಾಠ ಮುಗಿದ ಮೇಲೆ ತೆಗೆಯುತ್ತಿದ್ದ.

ನೂಲಿಗೆ ಗಂಜಿ ಕುಡಿಸುವುದನ್ನು ಕಲಿತ ದಿನ ಅವಳು ಮನೆಗೆ ಬಂದು, ನೂಲಿಗೆ ಗಂಜಿಯಾದರೆ ಮಡಕೆಯ ಮಣ್ಣಿಗೆ ಏನು ಬೆರೆಸುತ್ತಾರಪ್ಪಾ ಎಂದು ಕೇಳಿದಳು. ಇನ್ನೊಂದು ದಿನ, ಗೋಡೆಯಾಚೆ ಕುಲುಮೆಯಲ್ಲಿ ಬಡಿಯುವುದು ಒಂದೇ ಕಬ್ಬಿಣ, ಸದ್ದು ಯಾಕೆ ಬರಬರುತ್ತಾ ಬೇರೆಯಾಗುತ್ತದೆ ಎಂದಳು. ಆ ಕೋಣೆಗೇ ಹೋಗಿ ಕೇಳೇ ತಾಯಿ ಎಂದು ಬಡಗಿ ನಕ್ಕ. ಹೇಗೆ ಹೋಗಲಿ, ಅಗಳಿ ಹೊರಗಿದೆಯಲ್ಲ ಎಂದಳು ಮಗಳು. ಬಡಗಿ ಮಾತು ತೇಲಿಸಿದ.

ಎರಡು ವರ್ಷ ಕಳೆಯಿತು. ಅವಳು ನೇಯ್ದ ಪಂಚೆಯನ್ನು ಗೌಡನೇ ಉಟ್ಟುಕೊಂಡು ಓಡಾಡಿದ. ಊರೆಲ್ಲ ಭೇಷ್ ಎಂದಿತು. ಬಡಗಿ ಹಿಗ್ಗಿ ಹೀರೇಕಾಯಿಯಾದ.

ಒಂದು ದಿನ ಅವನು ಮೊಳೆಯೇ ಇಲ್ಲದ ತೊಟ್ಟಿಲೊಂದನ್ನು ಮಾಡುತ್ತಿದ್ದ. ಮರಕ್ಕೆ ಮರವೇ ಕಚ್ಚಿ ನಿಲ್ಲುವಂಥದ್ದು. ಮಗಳು ಉಳಿ ತಂದುಕೊಟ್ಟು ಪಕ್ಕದಲ್ಲಿ ಕೂತಳು. ಈಗ ಕೇಳುತ್ತಾಳೆ, ಇನ್ನೇನು ಕೇಳುತ್ತಾಳೆ ಎಂದು ಬಡಗಿ ಕಾದ. ಅವಳು ಕೇಳಲಿಲ್ಲ. ಕೊನೆಗೆ ಅವನೇ ಕೇಳಿದ.

"ಮೊಳೆಯಿಲ್ಲದೆ ಇದು ಹೇಗೆ ನಿಂತಿದೆ ಎಂದು ಕೇಳುವುದಿಲ್ಲವೇನೇ?"

"ಅದು ಮರದ ವಿಷಯ. ನನ್ನದು ಮಗ್ಗವಲ್ಲವೇ ಅಪ್ಪಾ?"

ಅವಳು ಕೊರಗಿನಿಂದೇನೂ ಹೇಳಲಿಲ್ಲ. ಹೊತ್ತು ಎಷ್ಟಾಯಿತು ಎಂದು ಹೇಳುವಂತೆ ಹೇಳಿದಳು. ಬಡಗಿ ಉಳಿ ಕೆಳಗಿಟ್ಟ. ಅಯ್ಯೋ, ನನ್ನ ಕೂಸನ್ನು ನನ್ನ ಕೈಯಾರೆ ಬೆಲ್ಲದ ಕೋಣೆಯಲ್ಲಿಟ್ಟೆನಲ್ಲ ಎಂದು ಸಂಕಟಪಟ್ಟ. ತೊಟ್ಟಿಲನ್ನು ಅಲ್ಲೇ ಬಿಟ್ಟು, ಉಳಿ ಸುತ್ತಿಗೆ ತೆಗೆದುಕೊಂಡು ನೆಟ್ಟಗೆ ಶಾಲೆಗೆ ನಡೆದ. ನಾಲ್ಕೂ ಅಗಳಿ ಕಿತ್ತು ಬಾಗಿಲಿನ ಒಳಗಡೆ ಜೋಡಿಸಿದ.

ಗೌಡ ಓಡಿಬಂದು, ಕಲಿತದ್ದೆಲ್ಲ ಹಾಳಾಗಿ ಮಕ್ಕಳು ಚೆಲ್ಲಾಪಿಲ್ಲಿಯಾಗುತ್ತಾರೆ ಎಂದು ಕೂಗಾಡಿದ. ಬಡಗಿ ಸುತ್ತಿಗೆ ಕೆಳಗಿಟ್ಟ. "ಗೌಡರೇ, ಒಳಗೆ ಏನಿರುತ್ತದೆ ಎಂದು ಕೇಳಿದೆ. ನೀವು ಮುಂದೆ ಆಗುವುದನ್ನು ಹೇಳಿದಿರಿ. ಒಳಗಿದ್ದದ್ದು ಮಕ್ಕಳು. ಮಗ್ಗವನ್ನು ಚೆನ್ನಾಗಿಯೇ ಕಲಿಯಲಿ, ಅಗಳಿ ಮಾತ್ರ ಅವರ ಕೈಗೆ ಸಿಗಲಿ" ಎಂದ.

ಮರುದಿನ ಮಗಳು ಬಾಗಿಲಿನ ಒಳಗಡೆ ಅಗಳಿಯಿರುವುದನ್ನು ಕಂಡಳು. ಹತ್ತಿರ ಹೋಗಿ ಮುಟ್ಟಿ ನೋಡಿದಳು. ಮತ್ತೆ ಬಂದು ಮಗ್ಗದಲ್ಲಿ ಕೂತಳು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಬಡಗಿ ಕೆಲಸ ಬಿಟ್ಟು ಬಂದು, ಬಾಗಿಲಿನ ಹೊರಗೆ ಕಿವಿಗೊಟ್ಟು ನಿಂತ. ಕುಲುಮೆಯಲ್ಲಿ ಕಬ್ಬಿಣದ ಸದ್ದು ಎದ್ದಿತು. ಮಗ್ಗದ ಸದ್ದು ನಿಂತಿತು.

ಗುರುಗಳೂ ಅಲ್ಲಿಗೇ ನಿಲ್ಲಿಸಿದರು. ಮಂದಾಕಿನಿಗೆ ಬಾಯಿ ಹಾಕಬಾರದೆಂಬುದು ಮರೆತೇಹೋಯಿತು.

"ಆಮೇಲೆ? ಆ ಹುಡುಗಿ ಕೊನೆಗೆ ಏನಾದಳು ಗುರುಗಳೇ?"

ಗುರುಗಳು ಅವಳ ಕೈಯಲ್ಲಿದ್ದ ಅರ್ಜಿಯನ್ನು ನೋಡಿದರು.

"ನಾಳೆ ಬೆಳಿಗ್ಗೆ ನೀನು ಅಗಳಿಯನ್ನು ಯಾವ ಕಡೆ ಜೋಡಿಸುತ್ತೀಯೋ, ಅದರ ಮೇಲಿದೆಯಮ್ಮಾ."

ಮಂದಾಕಿನಿಗೆ ತಾನೇ ಬರೆದ ಎರಡು ವರ್ಷದ ನಿಯಮ ನೆನಪಾಯಿತು.