ಎರಡನೆಯ ತಂಡದವಳ ಅರ್ಧ ಹೆಜ್ಜೆ

“ಗುರುಗಳೇ, ಇನ್ನೊಬ್ಬರ ಸಲುವಾಗಿ ಕಲಿತ ವಿದ್ಯೆ ಎಂದಾದರೂ ನಮ್ಮದಾಗುತ್ತದೆಯೇ?” ಎಂದು ಶಿಷ್ಯೆಯೊಬ್ಬಳು ಕೇಳಿದಳು.

ಅವಳು ಆರು ವರ್ಷದಿಂದ ಮಠದಲ್ಲಿದ್ದಳು. ದಿನವೂ ಬೆಳಿಗ್ಗೆ ಹಿರಿಯ ಶಿಷ್ಯೆಯ ಎದುರು ಕುಳಿತು ಪಾಠ ಒಪ್ಪಿಸುತ್ತಿದ್ದಳು. ಅದರಿಂದ ಹಿರಿಯಳ ಪಾಠ ಗಟ್ಟಿಯಾಗುತ್ತಿತ್ತು. ಸಭೆಯಲ್ಲಿ ಮಾತನಾಡುವವಳು ಹಿರಿಯಳು. ಇವಳು ಹಿಂದೆ ಕುಳಿತು ಕೇಳುವವಳು.

ಗುರುಗಳು ಕತೆ ಹೇಳಿದರು.

ಒಂದು ದೇಶದಲ್ಲಿ ಹೆಂಗಸರ ಎರಡು ಫುಟ್‌ಬಾಲ್ ತಂಡಗಳಿದ್ದವು. ಮೊದಲ ತಂಡ ದೇಶದ ಹೆಸರಿನಲ್ಲಿ ಆಡುತ್ತಿತ್ತು. ಎರಡನೆಯ ತಂಡ ಮೊದಲ ತಂಡದ ಎದುರು ಆಡುತ್ತಿತ್ತು. ಇಟ್ಟಿಗೆ ಹೊರುವವಳೊಬ್ಬಳು ಆ ಎರಡನೆಯ ತಂಡಕ್ಕೆ ಆಯ್ಕೆಯಾದಳು. ಸಾಕಿದ ಅತ್ತೆ ನಕ್ಕಳು.

“ಚೆಂಡು ಎತ್ತಿಕೊಡೋಕೆ ಆಳು ಬೇಕಾಗಿರಬೇಕು, ಕರೆದಿದ್ದಾರೆ. ಆಡೋದು ನಿನ್ನ ಕೈಲಾಗುತ್ತೇನೇ?”

“ಕೈ ಮುಟ್ಟಿದರೆ ತಪ್ಪು ಅತ್ತೆ. ಅದು ಕಾಲಿನ ಆಟ” ಎಂದು ಹೇಳಿ ಇವಳು ಹೊರಟಳು.

ಎರಡನೆಯ ತಂಡದ ಕೆಲಸ ಇಷ್ಟು. ಮುಂದಿನ ಪಂದ್ಯ ಯಾವ ದೇಶದ ಮೇಲೋ, ಹದಿನೈದು ದಿನ ಆ ದೇಶದ ತಂಡವಾಗುವುದು. ಅವರ ಬಣ್ಣದ ಅಂಗಿ ತೊಡುವುದು, ಅವರ ಹಾಗೆಯೇ ಓಡುವುದು, ಅವರ ಹಾಗೆಯೇ ಅಡ್ಡಗಟ್ಟುವುದು. ಕೊನೆಯ ದಿನ ಸೋಲುವುದು. ಮೊದಲ ತಂಡ ಧೈರ್ಯದಿಂದ ಹೊರಡಲಿ ಎಂದು ಮಾಡಿದ ಪದ್ಧತಿ ಅದು. ಬೇಕೆಂದೇ ಸೋತರೆಂದು ಮೊದಲ ತಂಡಕ್ಕೆ ತಿಳಿಯಬಾರದು. ಗೋಲಾದ ಕೂಡಲೇ ತರಬೇತುದಾರ ಸೀಟಿ ಊದುತ್ತಿದ್ದ. ಅಲ್ಲಿಗೆ ಆಟ ಮುಗಿಯುತ್ತಿತ್ತು. ಎಲ್ಲರೂ ನೀರು ಕುಡಿಯಲು ಹೋಗುತ್ತಿದ್ದರು.

ಇವಳು ಗೋಲ್‌ಕೀಪರಿನ ಮುಂದೆ ನಿಂತು ಎದುರಾಳಿಯನ್ನು ತಡೆಯುವವಳು. ಆದ್ದರಿಂದ ದಾರಿ ಬಿಡುವ ಕೆಲಸವೂ ಇವಳದೇ ಆಯಿತು. ನುಗ್ಗಿ ಬರುವವಳ ಎದುರು ಅರ್ಧ ಹೆಜ್ಜೆ ತಡ ಮಾಡುವುದನ್ನು ಕಲಿತಳು. ಕಾಲು ತಡ ಮಾಡುವಾಗ ಮುಖ ಹೋರಾಡುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ. ಮೊದಲ ತಂಡದ ನಾಯಕಿ ಪ್ರತಿಸಲ ಇವಳ ಬೆನ್ನು ತಟ್ಟಿ, ನಿನ್ನನ್ನು ದಾಟುವಷ್ಟರಲ್ಲಿ ಸಾಕುಸಾಕಾಗುತ್ತದೆ ಎಂದು ಹೇಳಿ ಹೋಗುತ್ತಿದ್ದಳು. ಹೀಗೆ ಒಂಬತ್ತು ವರ್ಷ ಕಳೆಯಿತು. ಅಷ್ಟರಲ್ಲಿ ಇವಳು ಇಪ್ಪತ್ತು ದೇಶಗಳ ಬಣ್ಣ ತೊಟ್ಟಿದ್ದಳು. ತನ್ನ ದೇಶದ್ದನ್ನು ತೊಟ್ಟಿರಲಿಲ್ಲ.

ಇವಳಿಗೆ ವಯಸ್ಸಾಯಿತು, ಇನ್ನೊಂದು ಪಂದ್ಯದ ತಯಾರಿ ಮುಗಿದರೆ ಮನೆಗೆ ಕಳಿಸುವುದು ಎಂದು ತೀರ್ಮಾನವಾಯಿತು. ಆ ಪಂದ್ಯಕ್ಕೆ ಎರಡು ದಿನ ಇರುವಾಗ, ಒಂದೇ ಮನೆಯಲ್ಲಿ ಉಳಿದಿದ್ದ ಮೊದಲ ತಂಡದವರಿಗೆಲ್ಲ ಸೀತಾಳೆ ಸಿಡುಬು ಎದ್ದಿತು. ಎರಡನೆಯ ತಂಡವನ್ನು ಕರೆದು ದೇಶದ ಅಂಗಿ ಕೊಟ್ಟರು. ಇವಳಿಗೆ ಅದೇ ಮೊದಲ ಪಂದ್ಯ, ಅದೇ ಕೊನೆಯದು.

ಎದುರಾಳಿಗಳನ್ನು ಇವರು ಚೆನ್ನಾಗಿ ಬಲ್ಲರು. ಹದಿನೈದು ದಿನ ತಾವೇ ಅವರಾಗಿದ್ದರು. ಮುಕ್ಕಾಲು ಆಟದವರೆಗೆ ಚೆಂಡನ್ನು ಗೋಲಿನ ಹತ್ತಿರ ಬಿಡಲಿಲ್ಲ. ಆಮೇಲೆ ಎದುರಾಳಿಗಳಲ್ಲಿ ಒಬ್ಬಳು ಚೆಂಡಿನೊಡನೆ ನುಗ್ಗಿ ಬಂದಳು. ಇವಳು ಅಡ್ಡ ಹೋದಳು. ಕಾಲು ಅರ್ಧ ಹೆಜ್ಜೆ ತಡವಾಯಿತು. ಗೋಲಾಯಿತು.

ಸೀಟಿ ಕೇಳಿತು. ಎರಡನೆಯ ತಂಡದವರೆಲ್ಲ ನೀರು ಕುಡಿಯಲು ಹೊರಟರು.

ನೋಡುತ್ತಿದ್ದ ಜನಕ್ಕೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ನಕ್ಕರು. ಇವಳೂ ನಾಲ್ಕು ಹೆಜ್ಜೆ ನಡೆದಿದ್ದಳು. ನಗು ಕೇಳಿ ನಿಂತಳು. ಮೈಮೇಲಿನ ಅಂಗಿ ನೋಡಿಕೊಂಡಳು.

“ಬನ್ರೇ, ನೀರು ಆಮೇಲೆ ಕುಡಿಯೋಣ. ಇವತ್ತು ಸೋಲೋಕೆ ಯಾರೂ ಹೇಳಿಲ್ಲ” ಎಂದು ಕರೆದಳು.

ಅದೇ ಎದುರಾಳಿ ಮತ್ತೆ ಮೂರು ಸಲ ನುಗ್ಗಿ ಬಂದಳು. ಆ ಅರ್ಧ ಹೆಜ್ಜೆ ಎಲ್ಲಿ ತಡವಾಗುತ್ತದೆ ಎಂಬುದು ಒಂಬತ್ತು ವರ್ಷ ಬೇಕೆಂದೇ ತಡ ಮಾಡಿದವಳಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಾರದು. ಮೂರು ಸಲವೂ ಇವಳ ಕಾಲೇ ಮೊದಲು ಚೆಂಡು ಮುಟ್ಟಿತು. ಮೂರನೆಯ ಸಲ ಮಂಡಿ ಮುರಿಯಿತು. ಚೆಂಡು ಗೋಲಿಗೆ ಹೋಗಲಿಲ್ಲ. ತಂಡ ಒಂದು ಗೋಲಿನಿಂದ ಸೋತಿತು.

ಊರಿಗೆ ಬಂದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಗೆದ್ದಿರೇನೇ ಎಂದು ಕೇಳಿದಳು. ಸೋತೆವು ಎಂದಳು ಇವಳು. ನಾನು ಅಂದೇ ಹೇಳಿರಲಿಲ್ಲವೇ ಎಂದು ಶುರುಮಾಡಿದ ಅತ್ತೆ, ಮಂಡಿಗೆ ಸುತ್ತಿದ ಕಟ್ಟು ನೋಡಿ, ಒಳಗೆ ಹೋಗಿ ಕುರ್ಚಿ ತಂದು ಹಾಕಿದಳು.

ಇವಳು ಈಗಲೂ ಕುಂಟುತ್ತಾಳೆ. ಪೆಟ್ಟಿಗೆಯಲ್ಲಿ ದೇಶದ ಹೆಸರಿರುವ ಒಂದು ಅಂಗಿ ಇದೆ. ಒಂಬತ್ತು ವರ್ಷ ಮತ್ತು ಒಂದು ಮಂಡಿ ಕೊಟ್ಟು ಪಡೆದದ್ದು.

ಗುರುಗಳು ಕತೆ ನಿಲ್ಲಿಸಿದರು. ಹಾಗಾದರೆ ವಿದ್ಯೆ ಅವಳದಾಗಿದ್ದು ಆ ಕೊನೆಯ ಸ್ವಲ್ಪ ಹೊತ್ತು ಮಾತ್ರವೇ ಎಂದು ಶಿಷ್ಯೆ ಕೇಳಿದಳು. ಗುರುಗಳು ಅವಳ ಮುಖ ನೋಡಿದರು.

“ನಿನ್ನೆ ಬೆಳಿಗ್ಗೆ ಹಿರಿಯಳೇ ಪೂರೈಸಲಿ ಎಂದು ಅವಳ ಎದುರು ಕೊನೆಯ ಸಾಲು ಮರೆತವಳ ಹಾಗೆ ನಿಲ್ಲಿಸಿದೆಯಲ್ಲ ತಾಯಿ, ಅದು ನಿನಗೆ ಬರುತ್ತಿರಲಿಲ್ಲವೇ?”