ಧೈರ್ಯದ ಲೇಹ್ಯ

ಒಂದು ರಾಜ್ಯ ಇತ್ತಂತೆ ಮಕ್ಕಳೇ. ಅದರ ನಡುವೆ ಒಂದು ಹೊಳೆ. ಜನರನ್ನ ಆಚೆ ದಡಕ್ಕೆ ದಾಟಿಸೋಕೆ ಹುಲಿಗೆವ್ವ ಅನ್ನೋಳು ಹರಿಗೋಲು ಹಾಕ್ತಿದ್ದಳು. ಹುಲಿಗೆವ್ವನಿಗೆ ಅವಳಿ-ಜವಳಿ ಹೆಣ್ಣುಮಕ್ಕಳು, ಗಾಳೆವ್ವ ಮತ್ತು ದುರುಗವ್ವ. ಕುಡಿದದ್ದು ಒಂದೇ ತಾಯಿಯ ಹಾಲು, ಉಂಡದ್ದು ಒಂದೇ ಮಡಕೆಯ ಅಂಬಲಿ. ಆದರೂ ಗಾಳೆವ್ವ ಹೊಳೆ ಕಂಡರೆ ಧುಮುಕೋಳು. ದುರುಗವ್ವ ಮೊದಲು ಕೋಲು ಇಳಿಸಿ ಆಳ ನೋಡೋಳು.

"ಒಬ್ಬಳು ಅವರಪ್ಪನ ಹಾಗೆ, ಇನ್ನೊಬ್ಬಳು ನಮ್ಮವ್ವನ ಹಾಗೆ," ಅಂತ ಹುಲಿಗೆವ್ವ ಇಬ್ಬರ ತಲೆಗೂ ಎಣ್ಣೆ ಹಚ್ಚುತ್ತ ನಗೋಳು.

ಒಂದು ದಿನ ಸಿಂಗಾರಪ್ಪ ಅನ್ನೋ ವೈದ್ಯ ಬಂದ. "ನಿನ್ನ ದುರುಗಿಗೆ ಅಂಜಿಕೆ ರೋಗ ಹಿಡಿದಿದೆ. ಹೀಗೇ ಬಿಟ್ಟರೆ ಯಾರೂ ಮದುವೆ ಆಗಲ್ಲ. ನನ್ನ ಹತ್ತಿರ ಧೈರ್ಯದ ಲೇಹ್ಯ ಇದೆ. ಒಂದು ಆಡು ಕೊಡು," ಅಂದ.

ತಾಯಿ ಕರುಳು ಹೆದರಿತು. ಕೊಟ್ಟಳು. ದುರುಗವ್ವ ಲೇಹ್ಯ ತಿಂದಳು, ಮರುದಿನವೂ ಆಳ ನೋಡಿಯೇ ಇಳಿದಳು. ವೈದ್ಯ ಮತ್ತೆ ಬಂದ. "ರೋಗ ಹಳೇದು," ಅಂದು ಎರಡನೇ ಆಡನ್ನ ಹೊಡೆದುಕೊಂಡು ಹೋದ. ಆಗಲೂ ದುರುಗವ್ವ ಬದಲಾಗಲಿಲ್ಲ. ಮೂರನೇ ಸಲ ಅವನು ಕೇಳಿದ್ದು ಮನೆಯಲ್ಲಿ ಉಳಿದಿದ್ದ ಒಂದೇ ಒಂದು ಹಾಲಿನ ಆಡು. ಹುಲಿಗೆವ್ವ ಕಣ್ಣೊರೆಸಿಕೊಂಡು ಹಗ್ಗ ಬಿಚ್ಚಿದಳು.

"ತಡಿ ಅವ್ವ," ಅಂದಳು ದುರುಗವ್ವ. "ವೈದ್ಯರೇ, ಇವತ್ತು ಹೊಳೆ ತುಂಬಿದೆ. ನೀವೇ ಲೇಹ್ಯ ತಿಂದು ನಮ್ಮ ಗಾಳೆವ್ವನ ಜೊತೆ ಆಚೆ ದಡಕ್ಕೆ ಹೋಗಿಬನ್ನಿ. ಅಂಜದೆ ಬಂದರೆ ಆಡು ನಿಮ್ಮದು."

ಗಾಳೆವ್ವ ಆಗಲೇ ಹರಿಗೋಲಲ್ಲಿ ಕೂತಿದ್ದಳು. ದಡದಲ್ಲಿ ಜನ ಸೇರಿದರು. ವೈದ್ಯ ಒಂದು ಚಮಚ ತಿಂದ, ಕಾಲು ನಡುಗಿತು. ಎರಡು ಚಮಚ ತಿಂದ, ಮೈ ಬೆವರಿತು. ಮೂರು ಚಮಚ ತಿಂದು ಅಲ್ಲೇ ಕುಸಿದು ಕೂತ.

"ನನ್ನ ಕೈಲಿ ಆಗಲ್ಲ ತಾಯಿ. ನಮ್ಮಪ್ಪನಿಗೂ ನೀರು ಕಂಡರೆ ನಡುಕ, ಅಜ್ಜನಿಗೂ ನಡುಕ. ಇದು ರಕ್ತದಲ್ಲೇ ಬಂದದ್ದು."

"ರಕ್ತದಲ್ಲಿ ಬಂದದ್ದನ್ನ ನಿಮ್ಮ ಬೆಲ್ಲದ ಪಾಕ ತೆಗೆದುಹಾಕುತ್ತಾ?" ಅಂತ ದುರುಗವ್ವ ಮೆಲ್ಲಗೆ ಕೇಳಿದಳು.

ಜನ ನಕ್ಕರು. ವೈದ್ಯ ತಲೆ ತಗ್ಗಿಸಿ ಎರಡೂ ಆಡುಗಳನ್ನ ತಂದು ಕಟ್ಟಿದ. ಅವನ ಮುಖ ನೋಡಿ ದುರುಗವ್ವನಿಗೇ ಅಯ್ಯೋ ಅನ್ನಿಸಿತು. "ಅಂಜೋದು ತಪ್ಪಲ್ಲ ವೈದ್ಯರೇ, ನಾನೂ ಅಂಜೋಳೇ. ಇನ್ನೊಬ್ಬರನ್ನ ಅಂಜಿಸಿ ದೋಚೋದು ತಪ್ಪು," ಅಂದಳು.

ಅವತ್ತಿನಿಂದ ಹೊಳೆ ತುಂಬಿದಾಗ ಹೊರಡಬೇಕೋ ಬೇಡವೋ ಅನ್ನೋದು ದುರುಗವ್ವನ ಮಾತು. ಹೊರಟ ಮೇಲೆ ಹುಟ್ಟು ಹಾಕೋದು ಗಾಳೆವ್ವ. ಒಬ್ಬರೂ ಮುಳುಗಲಿಲ್ಲ.

ತಿಳೀತಾ ಮಕ್ಕಳೇ? ಕೆಲವರು ಹುಟ್ಟಿನಿಂದಲೇ ಮುನ್ನುಗ್ಗೋರು, ಕೆಲವರು ಹುಟ್ಟಿನಿಂದಲೇ ಹಿಂದೆಮುಂದೆ ನೋಡೋರು. ಹುಟ್ಟುಗುಣವನ್ನ ರೋಗ ಅಂತ ಹಳಿಯಬಾರದು. ಇಬ್ಬರೂ ಬೇಕು, ಇಬ್ಬರಿಗೂ ಕೆಲಸ ಇದೆ.

ಕಥೆ ದಡ ಸೇರಿತು. ಏಳಿ, ಉಣ್ಣೋಣ.